ಧಾರಾವಾಹಿಗೆ ಹಣ ಹಾಕುವ ಮೊದಲು ಚಾನೆಲ್ಲಿನ ಪತ್ರವನ್ನು ಓದಿ

ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಲ್ಲಿ ಸ್ವತಂತ್ರ ಧಾರಾವಾಹಿ ನಿರ್ಮಾಣದ ಹೆಸರಿನಲ್ಲಿ ಹಣ ಎತ್ತುವವರು ಮತ್ತೆ ಓಡಾಡುತ್ತಿದ್ದಾರೆಂಬ ಸುದ್ದಿ ರಂಗತಂಡಗಳ ಗೆಳೆಯರಿಂದ ಬಂದಿರುವುದರಿಂದ ಇದನ್ನು ಬರೆಯುತ್ತಿದ್ದೇನೆ. ಇಂಥದೇ ಒಂದು ಯೋಜನೆಗೆ ನಾನು, ಚನ್ನಗಿರಿ ಕಡೆಯ ನನ್ನ ಭಾವ ಮತ್ತು ನಮ್ಮ ಹವ್ಯಾಸಿ ತಂಡದ ಹಲವರು ಹಣ ಕೊಟ್ಟಿದ್ದೆವು. ಅಸಲಿನಲ್ಲಿ ಒಂದು ರೂಪಾಯಿಯೂ ಈವರೆಗೆ ಯಾರಿಗೂ ಮರಳಿಲ್ಲ. ವಿಷಯ ನ್ಯಾಯಾಲಯದಲ್ಲಿರುವ ಕಾರಣ ಯಾರ ಹೆಸರನ್ನೂ ಬರೆಯುವುದಿಲ್ಲ. ಹಣ ಎತ್ತಿದ ರೀತಿಯನ್ನು ಮಾತ್ರ ಬರೆಯುತ್ತೇನೆ.

ಚಿತ್ರದುರ್ಗದ ಪಾಳೆಯಗಾರರ ಕಾಲದ ಕಥೆ, ನೂರು ಸಂಚಿಕೆ, ಏಳುಸುತ್ತಿನ ಕೋಟೆಯಲ್ಲೇ ಚಿತ್ರೀಕರಣ, ಪಾತ್ರಗಳಿಗೆಲ್ಲ ನಮ್ಮ ಭಾಗದವರೇ ಎಂದು ಹಣ ಎತ್ತಲು ಬಂದಾತ ಹೇಳಿದ. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ನಾಟಕ ಕಂಪನಿಯನ್ನು ಕಂಡ ಊರಿನವರಿಗೆ, ಸಾಣೇಹಳ್ಳಿಯ ನಾಟಕೋತ್ಸವಕ್ಕೆ ವರ್ಷ ವರ್ಷ ಹೋಗಿಬರುವವರಿಗೆ ಈ ಮಾತು ಎಷ್ಟು ಹತ್ತಿರದ್ದೆಂದು ಆತನಿಗೆ ಚೆನ್ನಾಗಿ ಗೊತ್ತಿತ್ತು. ಒಂದು ಪಾಲಿಗೆ ಒಂದು ಲಕ್ಷ ರೂಪಾಯಿ, ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ, ಪ್ರಸಾರವಾದ ಮೇಲೆ ಲಾಭದಲ್ಲೂ ಪಾಲು ಎಂಬುದು ಕರಾರು. ಅಡಿಕೆ ಮಾರಿ ಕೈಯಲ್ಲಿ ಹಣವಿದ್ದ ಹೊತ್ತಿಗೆ ಸರಿಯಾಗಿ ಆತ ಮನೆಮನೆಗೆ ಬಂದ. ಮೊದಲ ಕೆಲವು ತಿಂಗಳು ಬಡ್ಡಿಯೂ ತಪ್ಪದೆ ಬಂತು. ಇನ್ನೂ ಒಂದು ಸಂಚಿಕೆಯನ್ನೂ ಮಾರದ ಯೋಜನೆಯೊಂದು ವರ್ಷಕ್ಕೆ ಶೇಕಡ 24ರ ಬಡ್ಡಿಯನ್ನು ಹೊಸದಾಗಿ ಸೇರಿದವರ ಅಸಲಿನಿಂದಲ್ಲದೆ ಬೇರೆಲ್ಲಿಂದ ಕೊಡಲು ಸಾಧ್ಯ? ಹೊಸಬರು ಸೇರುವುದು ನಿಂತ ತಿಂಗಳೇ ಬಡ್ಡಿಯೂ ನಿಂತಿತು.

ಜನರನ್ನು ಒಪ್ಪಿಸಲು ಆತ ಪ್ರತಿ ಸಭೆಯಲ್ಲೂ ಹೇಳುತ್ತಿದ್ದ ಉದಾಹರಣೆಯೆಂದರೆ, 2013ರಲ್ಲಿ ತೆರೆಕಂಡ ಪವನ್ ಕುಮಾರ್ ಅವರ ‘ಲೂಸಿಯಾ’ ಚಿತ್ರಕ್ಕೆ ಪ್ರೇಕ್ಷಕರೇ ಹಣ ಹಾಕಿದ ಸಂಗತಿ. ಆ ಸಂಗತಿ ನಿಜ. ಆದರೆ ಸಿನಿಮಾಕ್ಕೂ ಧಾರಾವಾಹಿಗೂ ಇರುವ ದೊಡ್ಡ ವ್ಯತ್ಯಾಸವನ್ನು ಆತ ಹೇಳಲಿಲ್ಲ. ಸಿನಿಮಾವನ್ನು ಚಿತ್ರಮಂದಿರದಲ್ಲಿ ಜನರಿಗೆ ನೇರವಾಗಿ ತೋರಿಸಿ ಟಿಕೆಟ್ ಹಣ ಪಡೆಯಬಹುದು. ಧಾರಾವಾಹಿಗೆ ಟಿಕೆಟ್ ಕೌಂಟರ್ ಇಲ್ಲ, ಅದನ್ನು ಕೊಳ್ಳುವುದು ಚಾನೆಲ್. ಕನ್ನಡದ ಮನರಂಜನಾ ಚಾನೆಲ್‌ಗಳನ್ನು ಬೆರಳಲ್ಲಿ ಎಣಿಸಬಹುದು. ಖಾಸಗಿ ಚಾನೆಲ್‌ಗಳು ಸಾಮಾನ್ಯವಾಗಿ ಕಥೆಯನ್ನು ತಾವೇ ಆರಿಸಿ, ತಮಗೆ ಪರಿಚಯವಿರುವ ನಿರ್ಮಾಣ ಸಂಸ್ಥೆಗೆ ಸಂಚಿಕೆಗೆ ಇಷ್ಟೆಂದು ಕೊಟ್ಟು ಮಾಡಿಸಿಕೊಳ್ಳುತ್ತವೆ. ಸಂಚಿಕೆಗಳನ್ನು ಒಪ್ಪಿಸಿದ ಮೇಲಷ್ಟೇ ಹಣ ಬಿಡುಗಡೆಯಾಗುತ್ತದೆ, ಹಕ್ಕುಗಳು ಬಹುತೇಕ ಚಾನೆಲ್ಲಿನ ಬಳಿಯೇ ಉಳಿಯುತ್ತವೆ, ಟಿಆರ್‌ಪಿ ಬಿದ್ದರೆ ನೂರು ಸಂಚಿಕೆ ಎಂದುಕೊಂಡದ್ದು ನಡುವೆಯೇ ಮುಗಿಯುತ್ತದೆ. ಮೊದಲು ಚಿತ್ರೀಕರಿಸಿ ಆಮೇಲೆ ಚಾನೆಲ್ ಹುಡುಕುವ ಯೋಜನೆಯೆಂದರೆ, ಪ್ರಾಮಾಣಿಕರು ಕೈಹಾಕಿದರೂ ದೊಡ್ಡ ಅಪಾಯವೇ. ಅಂಥದ್ದಕ್ಕೆ ಯಾರಾದರೂ ತಿಂಗಳ ಬಡ್ಡಿಯ ಖಾತರಿ ಕೊಡುತ್ತಿದ್ದರೆ ಅಲ್ಲಿಗೇ ಮಾತು ನಿಲ್ಲಿಸಿ ಎದ್ದುಬನ್ನಿ.

ಇನ್ನು ಚಾನೆಲ್ ಒಪ್ಪಿದೆಯೆಂದು ನಂಬಿಸಲು ಆತ ತೋರಿಸುತ್ತಿದ್ದ ಚಾನೆಲ್ಲಿನ ಪತ್ರ. ಆತ ಅದನ್ನು ಯಾರ ಕೈಗೂ ಕೊಡುತ್ತಿರಲಿಲ್ಲ. ಮೊಬೈಲಿನಲ್ಲಿ ತೆರೆದು, ಮೇಲಿನ ಲಾಂಛನ ಮತ್ತು ಕೆಳಗಿನ ಮೊಹರು ಕಾಣುವ ಹಾಗೆ ಹಿಡಿದು, “ಓಕೆ ಆಗಿದೆ ಅಣ್ಣ, ಸ್ಲಾಟ್ ಒಂದೇ ಬಾಕಿ” ಎನ್ನುತ್ತಿದ್ದ, ಅಂದರೆ ಪ್ರಸಾರದ ಸಮಯ ಮಾತ್ರ ಗೊತ್ತಾಗಬೇಕು ಎಂದು. ವಕೀಲರ ಮೂಲಕ ಅದರ ಪ್ರತಿ ಸಿಕ್ಕಾಗ ಓದಿದೆವು. ಕಥಾಸಾರ ತಲುಪಿದೆ, ಪರಿಶೀಲಿಸಲಾಗುವುದು, ಇದನ್ನು ಒಪ್ಪಿಗೆಯೆಂದು ಭಾವಿಸಬಾರದು ಎಂದಷ್ಟೇ ಅದರಲ್ಲಿತ್ತು. ಸಂಚಿಕೆಗಳ ಸಂಖ್ಯೆ, ದರ, ಪ್ರಸಾರದ ಸಮಯ, ಯಾವುದರ ಉಲ್ಲೇಖವೂ ಇರಲಿಲ್ಲ. ಕಥೆ ಕಳಿಸಿದ ಯಾರಿಗಾದರೂ ಬರಬಹುದಾದ ಸ್ವೀಕೃತಿ ಪತ್ರವದು. ಆದ್ದರಿಂದ ಪತ್ರವನ್ನು ಕೈಗೆ ತೆಗೆದುಕೊಂಡು ಪೂರ್ತಿ ಓದಿ, ಸಹಿ ಮಾಡಿದವರ ಹುದ್ದೆಯನ್ನು ನೋಡಿ, ಆ ಚಾನೆಲ್ಲಿನ ಕಚೇರಿಗೆ ನೀವೇ ಬರೆದು ಕೇಳಿ. ಪ್ರತಿ ಕೊಡಲು ಹಿಂಜರಿಯುವವನಿಗೆ ಹಣ ಕೊಡಬೇಡಿ.

ಚಿತ್ರೀಕರಣ ನಡೆಯಲೇ ಇಲ್ಲವೆಂದಲ್ಲ. ಮುಹೂರ್ತವಾಯಿತು, ಕ್ಲಾಪ್ ಮಾಡಲು ಊರಿನ ಹಿರಿಯರನ್ನು ಕರೆದರು, ತೋಟದ ಮನೆಯೊಂದರಲ್ಲಿ ಪೈಲಟ್ ಸಂಚಿಕೆಯ, ಅಂದರೆ ಮಾದರಿಗೆಂದು ಮಾಡುವ ಮೊದಲ ಸಂಚಿಕೆಯ, ಒಂದಷ್ಟು ದೃಶ್ಯಗಳನ್ನು ತೆಗೆದರು. ಕೋಟೆಯಲ್ಲಿ ಮಾತ್ರ ಒಂದು ಶಾಟೂ ಆಗಲಿಲ್ಲ. ಚಿತ್ರದುರ್ಗದ ಕೋಟೆ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ರಕ್ಷಣೆಯಲ್ಲಿದೆ, ಅಲ್ಲಿ ಚಿತ್ರೀಕರಿಸಲು ಅವರ ಪರವಾನಗಿ ಬೇಕು, ಆತ ಅರ್ಜಿಯನ್ನೇ ಹಾಕಿರಲಿಲ್ಲ. ತೆಗೆದ ದೃಶ್ಯಗಳಿದ್ದ ಹಾರ್ಡ್ ಡಿಸ್ಕನ್ನು ಬಾಕಿ ಹಣಕ್ಕಾಗಿ ಬೆಂಗಳೂರಿನ ಸಂಕಲನ ಸ್ಟುಡಿಯೋದವರು ಇಟ್ಟುಕೊಂಡರು. ಅದನ್ನು ಬಿಡಿಸಿಕೊಳ್ಳೋಣವೆಂದರೆ ನಮಗೆ ಅದರ ಮೇಲೆ ಹಕ್ಕೇ ಇರಲಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಇಂಥ ಕೃತಿಗೆ ನಿರ್ಮಾಪಕನೇ ಕರ್ತೃ. ಹಕ್ಕನ್ನು ಬೇರೆಯವರಿಗೆ ವರ್ಗಾಯಿಸಬೇಕಾದರೆ ಸಹಿ ಮಾಡಿದ ಬರಹ ಇರಲೇಬೇಕು. ಹಣ ಹಾಕಿದವರ ಹೆಸರಿನಲ್ಲಿ ಅಂಥ ಒಂದು ಸಾಲೂ ಇರಲಿಲ್ಲ.

ನನಗೆ ಎಲ್ಲಕ್ಕಿಂತ ಹೆಚ್ಚು ನೋವಾದದ್ದು ನಮ್ಮ ತಂಡದ ಹುಡುಗರ ವಿಷಯದಲ್ಲಿ. ಪಾತ್ರ ಬೇಕಾದರೆ ಐವತ್ತು ಸಾವಿರ ತರಬೇಕು, ಅದು ತರಬೇತಿಗೆ ಮತ್ತು ಕಲಾವಿದರ ಕಾರ್ಡಿಗೆ ಎಂದು ಹೇಳಿ ಅವರಿಂದಲೂ ವಸೂಲು ಮಾಡಿದ್ದಾರೆ. ಹಗಲು ಮೆಕ್ಕೆಜೋಳದ ಮಂಡಿಯಲ್ಲಿ ದುಡಿದು ಸಂಜೆ ತಾಲೀಮಿಗೆ ಬರುವ ಹುಡುಗನೊಬ್ಬ ತಾಯಿಯ ಬಳೆ ಅಡವಿಟ್ಟು ಆ ಹಣ ತಂದಿದ್ದ. ನಟನಿಗೆ ಸಂಭಾವನೆ ಕೊಡುವುದು ನಿರ್ಮಾಪಕನ ಕೆಲಸ. ನಟನಿಂದಲೇ ಹಣ ಕೇಳುವವನು ಯಾವ ಹೆಸರಿನಲ್ಲಿ ಕೇಳಿದರೂ ಕೊಡಬೇಡಿ, ನಿಮ್ಮ ಮಕ್ಕಳಿಗೂ ಕೊಡಲು ಬಿಡಬೇಡಿ.

ನಮ್ಮ ಹಣವೆಲ್ಲ ಹೋದದ್ದು ಆತನ ಸ್ವಂತ ಖಾತೆಗೆ, ಕೆಲವರದು ನಗದಾಗಿ. ಛಾಪಾ ಕಾಗದದ ಮೇಲೆ “ಪಾಲುದಾರಿಕೆ ಒಪ್ಪಂದ” ಎಂಬ ತಲೆಬರಹವಿತ್ತು. ಲಾಭ ನಷ್ಟಗಳೆರಡಕ್ಕೂ ಎರಡನೆಯ ಪಕ್ಷದವರು, ಅಂದರೆ ಹಣ ಹಾಕಿದ ನಾವು, ಬದ್ಧರು ಎಂಬ ಸಾಲು ಮೂರನೆಯ ಪುಟದ ಕೊನೆಯಲ್ಲಿತ್ತು. ಠಾಣೆಗೆ ಹೋದಾಗ ಈ ಕಾಗದವನ್ನು ನೋಡಿಯೇ ಇದು ಸಿವಿಲ್ ವ್ಯಾಜ್ಯವೆಂದು ನಮ್ಮನ್ನು ಮರಳಿ ಕಳಿಸಿದರು. ನಿಯಮದಂತೆ ಹಣ ಎತ್ತುವವರ ದಾರಿಯೇ ಬೇರೆ. 2013ರ ಕಂಪನಿ ಕಾಯ್ದೆಯ 42ನೇ ಸೆಕ್ಷನ್ನಿನಡಿ ಖಾಸಗಿ ಕಂಪನಿಯೊಂದು ಆಯ್ದ ಜನರಿಂದ ಷೇರು ಹಣ ಪಡೆಯುವಾಗ ಒಂದು ಆರ್ಥಿಕ ವರ್ಷದಲ್ಲಿ 200 ಜನರ ಮಿತಿಯಿದೆ, ನಗದು ಪಡೆಯುವಂತಿಲ್ಲ, ಆ ಹಣವನ್ನು ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿಡಬೇಕು, 60 ದಿನಗಳೊಳಗೆ ಷೇರು ಹಂಚಬೇಕು. ಬಡ್ಡಿಯ ಆಸೆ ತೋರಿಸಿ ಅನುಮತಿಯಿಲ್ಲದೆ ಸಾರ್ವಜನಿಕರಿಂದ ಠೇವಣಿ ಎತ್ತುವುದನ್ನು 2019ರ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯ್ದೆ ಅಪರಾಧವೆಂದೇ ಹೇಳುತ್ತದೆ. ಈ ಕಾಯ್ದೆಯ ಹೆಸರನ್ನು ಬರೆದು, ಹಣ ಕೊಟ್ಟವರೆಲ್ಲರ ಪಟ್ಟಿ ಲಗತ್ತಿಸಿ, ಒಟ್ಟಾಗಿ ದೂರು ಕೊಟ್ಟ ಮೇಲೆಯೇ ನಮ್ಮ ಅಹವಾಲನ್ನು ಕೇಳಿಸಿಕೊಂಡರು.

ಈಗಾಗಲೇ ಹಣ ಕೊಟ್ಟು ಭದ್ರತೆಗೆಂದು ಚೆಕ್ ಇಟ್ಟುಕೊಂಡಿರುವವರು ದಿನಾಂಕಗಳನ್ನು ದಯವಿಟ್ಟು ಇಂದೇ ನೋಡಿಕೊಳ್ಳಬೇಕು. ಚೆಕ್ಕಿನ ಮೇಲಿನ ದಿನಾಂಕದಿಂದ ಮೂರು ತಿಂಗಳೊಳಗೆ ಅದನ್ನು ಬ್ಯಾಂಕಿಗೆ ಹಾಕಬೇಕು. ಹಣವಿಲ್ಲವೆಂದು ಮರಳಿದರೆ ಬ್ಯಾಂಕಿನ ತಿಳಿವಳಿಕೆ ಬಂದ 30 ದಿನಗಳೊಳಗೆ ಲಿಖಿತ ನೋಟಿಸ್ ಕಳಿಸಬೇಕು. ನೋಟಿಸ್ ತಲುಪಿದ 15 ದಿನಗಳಲ್ಲಿ ಆತ ಕೊಡದಿದ್ದರೆ ಮುಂದಿನ ಒಂದು ತಿಂಗಳೊಳಗೆ ನ್ಯಾಯಾಲಯಕ್ಕೆ ದೂರು ಸಲ್ಲಿಸಬೇಕು. “ಮುಂದಿನ ವಾರ ಹಾಕಿ ಅಣ್ಣ, ಚಾನೆಲ್ ಪೇಮೆಂಟ್ ಬರುತ್ತೆ” ಎಂದು ಆತ ದಿನ ದೂಡುತ್ತ ಬಂದದ್ದು ಈ ಅವಧಿ ಮೀರಲೆಂದೇ. ಭಾವನ ಚೆಕ್ ಹಾಗೆಯೇ ಅವಧಿ ಮೀರಿತು, ಅವರು ಈಗ ಸಿವಿಲ್ ದಾವೆ ಹೂಡಿದ್ದಾರೆ. ಸಮಯಕ್ಕೆ ಬ್ಯಾಂಕಿಗೆ ಹಾಕಿದವರ ಪ್ರಕರಣಗಳಲ್ಲಿ ಆತನಿಗೆ ಸಮನ್ಸ್ ಜಾರಿಯಾಗಿದೆ.