ಮಳೆಗಾಲದ ಬುಷ್ಷು: ಮೂರು ದಾರಿ ಹಿಡಿದು ನೋಡಿದ್ದು

ನೈಲಾನ್ ಕಾಳು ಕರಗಿಸಿ ಅಚ್ಚಿಗೆ ಒತ್ತಿ ನಾವು ಮಾಡುವ ಬುಷ್ಷು, ಅಂದರೆ ಅಡಿಕೆ ತೋಟದ ಸ್ಪ್ರಿಂಕ್ಲರ್ ತಲೆಯೊಳಗೆ ಕೂರುವ ಪುಟ್ಟ ಕೊಳವೆ ಅದು. 6 ಮಿ.ಮೀ. ದಪ್ಪ, ಕಾಲು ಗ್ರಾಮೂ ತೂಗದು. ಅಳತೆ ಆಚೀಚೆ 0.03 ಮಿ.ಮೀ. ದಾಟಿದರೆ ಮಾಲು ವಾಪಸ್. ಬೇಸಿಗೆಯಲ್ಲಿ ಚೆನ್ನಾಗಿಯೇ ಬರುತ್ತಿತ್ತು. ಶಿರಸಿಗೆ ಮಳೆ ಹಿಡಿದದ್ದೇ ತಡ, ಅಚ್ಚಿಗೆ ಮಾಲು ತುಂಬುವ ನಾಝಲ್ ತುದಿಯಿಂದ ನೈಲಾನ್ ಜೊಲ್ಲು ಸುರಿಸತೊಡಗಿತು. ಮೈಮೇಲೆ ಬೆಳ್ಳಿಗೆರೆ, ಅಂಚಿಗೆ ಫ್ಲ್ಯಾಶ್, ಅಂದರೆ ಅಚ್ಚಿನ ಸಂದಿಯಿಂದ ಹೊರಬಂದ ತೆಳು ಪದರ. ಒತ್ತಡ ಇಳಿಸಿದೆ, ಶಾಖ ಇಳಿಸಿದೆ. ತಪ್ಪು ಮಷೀನಿನದಲ್ಲ, ಗಾಳಿಯ ತೇವ ಕುಡಿದ ಕಾಳಿನದು ಎಂದು ಹೊಳೆಯಲು ಹದಿನೈದು ದಿನ ಹಿಡಿಯಿತು.

ಕಾಳು ಒಣಗಿಸಲು ಮೊದಲಿಂದ ಇದ್ದದ್ದು ಬಿಸಿಗಾಳಿ ಹಾಪರ್, ಮಷೀನಿಗೆ ಕಾಳು ಇಳಿಸುವ ಡಬ್ಬ. ಅದು ಕಾಯಿಸುವುದು ಶೆಡ್ಡಿನ ಗಾಳಿಯನ್ನೇ. ಅಟ್ಟದ ಮೇಲಿನ ಅಡಿಕೆಗೇ ಬೂಷ್ಟು ಬರುವ ಆಷಾಢದಲ್ಲಿ ಆ ಗಾಳಿ ಎಷ್ಟು ಕಾದರೂ ಅದರ ನೀರು ಅದರೊಳಗೇ. ನೈಲಾನ್ ಅಚ್ಚಿಗೆ ಹೋಗುವಾಗ ತೇವ ಶೇ. 0.2ಕ್ಕಿಂತ ಕೆಳಗಿರಬೇಕು. ಇಡೀ ರಾತ್ರಿ ಇಟ್ಟೆ. ಕಾಳು ಹಳದಿಯಾಯಿತು, ಗೆರೆ ಹೋಗಲಿಲ್ಲ.

ಕಾರವಾರದ ಪರಿಚಯದವರ ಬಳಿ ಹಳೇ ಡೆಸಿಕೆಂಟ್ ಡ್ರೈಯರ್ ಇತ್ತು, ಒಂದು ವಾರಕ್ಕೆ ಕೇಳಿ ತಂದೆ. ಇದು ಗಾಳಿಯ ನೀರನ್ನು ಮೊದಲೇ ಹೀರಿ, ಇಬ್ಬನಿ ಬಿಂದುವನ್ನು (ಗಾಳಿಯ ತೇವ ಹನಿಗಟ್ಟತೊಡಗುವ ಉಷ್ಣತೆ) ಮೈನಸ್ 40 ಡಿಗ್ರಿಯ ಹತ್ತಿರ ಇಳಿಸಿ, ಆಮೇಲೆ ಕಾಯಿಸುತ್ತದೆ. 80 ಡಿಗ್ರಿ, ಆರು ತಾಸು. ಜೊಲ್ಲು ನಿಂತಿತು, ಅಳತೆ ಕೂತಿತು. ಆದರೆ ಹುಡುಗ ಹಾಪರ್ ಮುಚ್ಚಳ ತೆರೆದಿಟ್ಟು ಊಟಕ್ಕೆ ಹೋದ ದಿನ ಸಂಜೆಗೆ ಗೆರೆ ಮತ್ತೆ ಹಾಜರು. ಕರೆಂಟು ಹೋದಾಗಲೂ ಅದೇ ಕತೆ. ನಮ್ಮೂರ ಜುಲೈಯಲ್ಲಿ ಕರೆಂಟು ಇರುವುದೇ ಅಪರೂಪ.

ಮೂರನೆಯದು, ನೈಲಾನನ್ನೇ ಬಿಟ್ಟು ಅಸಿಟಾಲ್ ಎಂಬ ಬೇರೆ ಪ್ಲಾಸ್ಟಿಕ್ ಹಾಕುವುದು. ನೀರು ಕುಡಿಯುವುದು ತೀರಾ ಕಡಿಮೆ, ಒಣಗಿಸುವ ರಗಳೆಯೂ ಅಷ್ಟಕ್ಕಷ್ಟೆ. ಆದರೆ ತಣಿದಾಗ ಕುಗ್ಗುವುದು ಹೆಚ್ಚು, ಸುಮಾರು ಶೇ. 2. ನೈಲಾನಿಗೆ ಕೊರೆದ ಅಚ್ಚಿನಲ್ಲಿ ಬುಷ್ಷು ಸಣ್ಣದಾಗಿಯೇ ಬಂತು. ಅಚ್ಚು ತಣ್ಣಗಿದ್ದರೆ ಬೆಳಿಗ್ಗೆ ಸರಿಯಿದ್ದ ಅಳತೆ ಮರುದಿನ ಇನ್ನೂ ಕುಗ್ಗಿರುತ್ತದೆ. ಅಚ್ಚನ್ನು 90 ಡಿಗ್ರಿಗೆ ಹಿಡಿಯಲು ಬೇರೆ ಹೀಟರ್ ಬೇಕು. ಇಷ್ಟು ಚಿಕ್ಕ ಶಾಟಿಗೆ (ಒಂದು ಸಲ ಅಚ್ಚಿಗೆ ತುಂಬುವ ಮಾಲಿಗೆ) ನಮ್ಮ ಮಷೀನು ದೊಡ್ಡದಾಯಿತು. ಕಾಳು ಕರಗುವ ಬ್ಯಾರಲ್ಲಿನಲ್ಲೇ ಬಹಳ ಹೊತ್ತು ಬೆಂದ ಅಸಿಟಾಲ್ ಫಾರ್ಮಾಲ್ಡಿಹೈಡ್ ಬಿಡುತ್ತದೆ, ಕಣ್ಣು ಉರಿದು ಹೊರಗೆ ಓಡಿದ್ದೂ ಉಂಟು.

ಇಷ್ಟಾಗಿಯೂ ನನ್ನ ಓಟು ಅಸಿಟಾಲಿಗೇ. ಡ್ರೈಯರಿನಿಂದ ಬಂದ ಒಳ್ಳೇ ನೈಲಾನ್ ಬುಷ್ಷನ್ನೂ ಅಸಿಟಾಲಿನದನ್ನೂ ಒಂದೇ ಲೋಟದ ನೀರಿನಲ್ಲಿ ಹಾಕಿಟ್ಟಿದ್ದೆ. ವಾರದ ಮೇಲೆ ನೈಲಾನ್ ಉಬ್ಬಿ ಸ್ಪ್ರಿಂಕ್ಲರ್ ತಲೆಯಲ್ಲಿ ಸಿಕ್ಕಿಕೊಂಡಿತು. ಅಸಿಟಾಲ್ ಸಡಿಲಿದ್ದರೂ ತಿರುಗಿತು. ಕ್ಯಾವಿಟಿ, ಅಂದರೆ ಬುಷ್ಷು ಮೂಡುವ ಕುಳಿ, ದೊಡ್ಡದು ಮಾಡಲು ಅಚ್ಚು ಕೊಟ್ಟಾಗಿದೆ, ತೂತು ಮೂಡಿಸುವ ಒಳಗಿನ ಪಿನ್ ಮಾತ್ರ ಹೊಸದೇ ಆಗಬೇಕು.