ಕರೆಂಟ್ ಲೆಕ್ಕಕ್ಕೆ ಮೂರು ದಾರಿ: ನಮ್ಮ ಮನೆಯಲ್ಲಿ ನಿಂತದ್ದು ಯಾವುದು?

ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಇಡೀ ಬಿಲ್ ನಾವೇ ಕಟ್ಟಬೇಕು. ಸೋಮವಾರಪೇಟೆ ಮಳೆಯಲ್ಲಿ ಗೀಸರ್‌ಗೆ ಬಿಡುವೇ ಇಲ್ಲ. ದಿನದಿನದ ಲೆಕ್ಕ ಸಿಗಲಿ ಅಂತ ಇಎಸ್‌ಪಿ32 ಬೋರ್ಡ್ (ವೈಫೈ ಇರುವ ಪುಟ್ಟ ಕಂಪ್ಯೂಟರ್ ಚಿಪ್ಪಿನದು) ಇಟ್ಟುಕೊಂಡು ಮೂರು ದಾರಿ ನೋಡಿದೆ.

ಮೊದಲು ಮೀಟರಿನ ಕೆಂಪು ದೀಪ. ನಮ್ಮ ಮೀಟರಿನಲ್ಲಿ ಅದು 3200 ಸಲ ಮಿನುಗಿದರೆ ಒಂದು ಯೂನಿಟ್. 1125ನ್ನು ಎರಡು ಮಿನುಗಿನ ನಡುವಿನ ಸೆಕೆಂಡಿನಿಂದ ಭಾಗಿಸಿದರೆ ಆ ಹೊತ್ತಿನ ವ್ಯಾಟ್ ಸಿಗುತ್ತದೆ. ದೀಪದ ಮುಂದೆ ಎಲ್‌ಡಿಆರ್ (ಬೆಳಕು ಗುರುತಿಸುವ ಸೆನ್ಸರ್) ಅಂಟಿಸಿದೆ. ಜಗಲಿಗೆ ಬಿಸಿಲು ಬಿದ್ದಾಗ ಎಣಿಕೆ ತಪ್ಪುತ್ತಿತ್ತು, ಕಪ್ಪು ಟೇಪ್ ಸುತ್ತಿದ ಮೇಲೆ ಸರಿಹೋಯಿತು. ವೈರ್ ಮುಟ್ಟುವ ಕೆಲಸವೇ ಇಲ್ಲ. ಬಿಲ್ಲಿಗೂ ಹೊಂದುತ್ತದೆ, ಅದೇ ಮೀಟರ್ ಅಲ್ವಾ? ಬಾಡಿಗೆ ಮನೆಯವರಿಗೆ ಇದನ್ನೇ ಹೇಳುತ್ತೇನೆ.

ಆಮೇಲೆ ಎಸ್‌ಸಿಟಿ-013 ಕ್ಲ್ಯಾಂಪ್, ವೈರನ್ನು ಕತ್ತರಿಸದೆ ಹೊರಗಿನಿಂದಲೇ ಕಚ್ಚಿಸುವ ಸೆನ್ಸರ್. ಫೇಸ್ ವೈರಿಗೆ ಮಾತ್ರ ಕಚ್ಚಿಸಬೇಕು. ನ್ಯೂಟ್ರಲ್ಲನ್ನೂ ಸೇರಿಸಿದರೆ ಸೊನ್ನೆ ತೋರಿಸುತ್ತದೆ. ಇದು ಆಂಪಿಯರ್ ಮಾತ್ರ ಅಳೆಯುತ್ತದೆ. ವೋಲ್ಟೇಜ್ 230 ಅಂತ ನಾವೇ ಬರೆದುಕೊಳ್ಳಬೇಕು. ನಮ್ಮಲ್ಲಿ ಸಂಜೆ ಅದು 180ಕ್ಕೆ ಇಳಿಯುತ್ತದೆ. ಆಗ 2000 ವ್ಯಾಟ್ ಗೀಸರ್ ಎಳೆಯುವುದು 6.8 ಆಂಪಿಯರ್, ಅಂದರೆ ಸುಮಾರು 1225 ವ್ಯಾಟ್. 230ರಿಂದಲೇ ಗುಣಿಸುವ ಕ್ಲ್ಯಾಂಪಿನ ಲೆಕ್ಕದಲ್ಲಿ ಅದು 1565! ಫ್ರಿಜ್ಜಿನ ಲೆಕ್ಕವೂ ಜಾಸ್ತಿ ಬರುತ್ತದೆ, ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) ಇದಕ್ಕೆ ಗೊತ್ತಾಗುವುದಿಲ್ಲ. ನಮ್ಮೂರಿನ ಕರೆಂಟಿಗೆ ಇದು ಸಾಲದು.

ಕೊನೆಗೆ ಪೀಜೆಮ್-004ಟಿ (PZEM-004T) ಅನ್ನುವ ಪುಟ್ಟ ಮೀಟರ್ ಬೋರ್ಡ್. ವೋಲ್ಟೇಜ್, ಆಂಪಿಯರ್, ವ್ಯಾಟ್, ಯೂನಿಟ್, ಪವರ್ ಫ್ಯಾಕ್ಟರ್ ಎಲ್ಲವನ್ನೂ ಅದೇ ಅಳೆಯುತ್ತದೆ. ಕರೆಂಟ್ ಹೋಗಿ ಬಂದರೂ ಯೂನಿಟ್ ಲೆಕ್ಕ ಅಳಿಯುವುದಿಲ್ಲ, ಇಲ್ಲಿ ಅದು ಸಣ್ಣ ವಿಷಯವಲ್ಲ. ಆದರೆ ಇದಕ್ಕೆ ಮೇನ್ ಲೈನಿನ ವೈರ್ ಕೊಡಬೇಕು. ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ, ಮುಚ್ಚಳವಿರುವ ಡಬ್ಬಿಯಲ್ಲಿಡಿ. ನನ್ನ ಮೊದಲನೆಯದು ಏಪ್ರಿಲ್ ಸಿಡಿಲಿಗೆ ಸುಟ್ಟುಹೋಯಿತು. ಈಗ ಅದಕ್ಕೇ ಅಂತ ಬೇರೆ ಎಂಸಿಬಿ (ಸ್ವಿಚ್ಚಿನಂತೆ ಇಳಿಸಬಹುದಾದ ಬ್ರೇಕರ್) ಹಾಕಿಸಿದ್ದೇನೆ, ಗುಡುಗು ಕೇಳಿದರೆ ಇಳಿಸುತ್ತೇವೆ. ಆ ಹೊತ್ತಿನ ಲೆಕ್ಕ ತಪ್ಪದಿರಲಿ ಅಂತ ಎಲ್‌ಡಿಆರ್‌ನ್ನೂ ತೆಗೆದಿಲ್ಲ.

ಪೀಜೆಮ್ ಡಿಸ್‌ಪ್ಲೇ ಅಡುಗೆಮನೆ ಬಾಗಿಲ ಪಕ್ಕ ಇದೆ. ನಿನ್ನೆ ಸಂಜೆ ಅಮ್ಮ ಬಾವಿ ಪಂಪ್ ಹಾಕಲು ಹೋದವರು ಅದರಲ್ಲಿ 172 ವೋಲ್ಟ್ ನೋಡಿ, "ಈಗ ಬೇಡ, ಮೋಟಾರ್ ಸುಟ್ಟುಹೋದೀತು" ಎಂದು ಕೊಡ ಎತ್ತಿಕೊಂಡರು.