ತಾನೇ ಓಡುವ ಲಿಯೊನಾರ್ಡೊ ಗಾಡಿ: ವರ್ಷ ದಾಟಿದ ಮೇಲೆ ಒಂದು ವಿಮರ್ಶೆ

ಲಿಯೊನಾರ್ಡೊ ಡಾ ವಿಂಚಿ ಸುಮಾರು 1478ರಲ್ಲಿ ಚಿತ್ರಿಸಿದ, ಸ್ಪ್ರಿಂಗ್ ಬಲದಿಂದ ತಾನೇ ಓಡುವ ಗಾಡಿಯ ಮರದ ಮಾದರಿ ಇದು. ಪೆಟ್ಟಿಗೆಯಲ್ಲಿ ಲೇಸರ್‌ನಿಂದ ಕತ್ತರಿಸಿದ ಪ್ಲೈವುಡ್ ಭಾಗಗಳು, ಎರಡು ಉಕ್ಕಿನ ಸುರುಳಿ ಸ್ಪ್ರಿಂಗ್‌ಗಳು, ಸ್ವಲ್ಪ ದಾರ ಮತ್ತು ಒಂದು ಪುಸ್ತಿಕೆ ಇರುತ್ತವೆ. ಜೋಡಿಸಿದ ವಾರವೇ ಬರೆದಿದ್ದರೆ ಬರೀ ಹೊಗಳಿರುತ್ತಿದ್ದೆ.

ಮೊದಲು ದೂರು, ಅದೂ ಪುಸ್ತಿಕೆಯ ಮೇಲೆ. ಗಾಡಿಯ ಮೇಲ್ಭಾಗದಲ್ಲಿ ಕಾಣುವ ಬಿಲ್ಲಿನಂಥ ಎರಡು ತೋಳುಗಳೇ ಅದನ್ನು ಓಡಿಸುತ್ತವೆ ಎಂದು ಅದರಲ್ಲಿ ಅಚ್ಚಾಗಿದೆ. ಇಪ್ಪತ್ತನೆಯ ಶತಮಾನದ ಆರಂಭದ ವಿದ್ವಾಂಸರೂ ಹಾಗೆಯೇ ತಿಳಿದಿದ್ದರು. ಮಿಲಾನ್‌ನ ಆಂಬ್ರೋಸಿಯಾನಾ ಗ್ರಂಥಾಲಯದಲ್ಲಿರುವ, ಲಿಯೊನಾರ್ಡೊನ ಚಿತ್ರ-ಟಿಪ್ಪಣಿಗಳ ಸಂಗ್ರಹವಾದ ಕೋಡೆಕ್ಸ್ ಅಟ್ಲಾಂಟಿಕಸ್‌ನ 812ನೆಯ ಹಾಳೆಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಆ ತೋಳುಗಳೇ. ಆದರೆ ಬಲ ಇರುವುದು ಕೆಳಗೆ, ದೊಡ್ಡ ಹಲ್ಲುಚಕ್ರಗಳ ಅಡಿಯ ದುಂಡನೆಯ ಡಬ್ಬಿಗಳಲ್ಲಿ ಸುತ್ತಿಕೊಂಡಿರುವ ಸುರುಳಿಗಳಲ್ಲಿ. ಇದನ್ನು ಕಂಡುಕೊಂಡವರು ಲಿಯೊನಾರ್ಡೊ ವಿದ್ವಾಂಸ ಕಾರ್ಲೊ ಪೆಡ್ರೆಟ್ಟಿ ಮತ್ತು ರೋಬಾಟ್ ತಜ್ಞ ಮಾರ್ಕ್ ರೋಶೈಮ್. ಅದರ ಆಧಾರದ ಮೇಲೆ 2004ರಲ್ಲಿ ಫ್ಲಾರೆನ್ಸ್‌ನ ವಿಜ್ಞಾನ ಇತಿಹಾಸ ಸಂಗ್ರಹಾಲಯ, ಅಂದರೆ ಇಂದಿನ ಗೆಲಿಲಿಯೋ ಮ್ಯೂಸಿಯಂ, ನಿಜವಾಗಿಯೂ ಓಡುವ ಗಾಡಿಯನ್ನು ಕಟ್ಟಿ ತೋರಿಸಿತು. ಕಿಟ್ ರೂಪಿಸಿದವರಿಗೂ ಇದು ಗೊತ್ತು, ಯಂತ್ರಭಾಗಗಳನ್ನು ಸರಿಯಾಗಿಯೇ ಮಾಡಿದ್ದಾರೆ. ವಿವರಣೆ ಮಾತ್ರ ಹಳೆಯದು. ಮಕ್ಕಳು ಓದುವ ಪುಸ್ತಿಕೆಯಲ್ಲಿ ಇಂಥ ಉದಾಸೀನ ನನಗೆ ಸಹಿಸಲಾಗುವುದಿಲ್ಲ.

ಹಾಗಾದರೆ ಆ ತೋಳುಗಳ ಕೆಲಸವೇನು? ಓಟವನ್ನು ಹದದಲ್ಲಿಡುವುದು. ಅವುಗಳನ್ನು ಬಿಚ್ಚಿಟ್ಟು ಗಾಡಿ ಬಿಟ್ಟರೆ ಸುರುಳಿಯ ಬಲವೆಲ್ಲ ಒಮ್ಮೆಲೇ ಹೊರಬಿದ್ದು ಗಾಡಿ ಗೋಡೆಗೆ ನುಗ್ಗುತ್ತದೆ. ತೋಳುಗಳನ್ನು ಜೋಡಿಸಿದಾಗ ಹಲ್ಲು ಹಲ್ಲಿಗೆ ತಡೆದು, ಟಕಟಕ ಸದ್ದು ಮಾಡುತ್ತಾ, ಒಂದೇ ವೇಗದಲ್ಲಿ ಸಾಗುತ್ತದೆ. ಎರಡನ್ನೂ ಒಂದರ ಹಿಂದೆ ಒಂದು ಮಾಡಿ ನೋಡಬೇಕು. ಯಾವ ಚಿತ್ರವೂ ಕೊಡದ ಅರಿವನ್ನು ಈ ಕಿಟ್ ಕೊಡುವುದು ಅಲ್ಲಿ, ನಾನು ಕೊಟ್ಟ ಹಣಕ್ಕೆ ಅದೊಂದೇ ಸಾಕು. ಚುಕ್ಕಾಣಿಯನ್ನು ತಿರುಗಿಸುವ ಮರದ ತುಂಡುಗಳನ್ನು ಬದಲಿಸಿದರೆ ಗಾಡಿ ಎಲ್ಲಿ ತಿರುಗಬೇಕೆಂಬುದನ್ನು ಹೊರಡುವ ಮೊದಲೇ ನಿಗದಿ ಮಾಡಬಹುದು. ದಾರ ಎಳೆದು ದೂರದಿಂದಲೇ ತಡೆ ಬಿಡಿಸಬಹುದು. ಉತ್ಸವ, ನಾಟಕಗಳಲ್ಲಿ ನೋಡುಗರನ್ನು ಬೆರಗುಗೊಳಿಸಲು ಮಾಡಿದ ಯಂತ್ರವಿರಬೇಕು ಎಂದು ವಿದ್ವಾಂಸರು ಹೇಳುವುದು ಆಗ ಒಪ್ಪಿಗೆಯಾಗುತ್ತದೆ.

ಬಾಳಿಕೆಯ ವಿಚಾರ. ಸ್ಪ್ರಿಂಗ್‌ಗಳು ಇನ್ನೂ ಗಟ್ಟಿಯಾಗಿವೆ, ತುಕ್ಕು ಹಿಡಿದಿಲ್ಲ. ಪ್ಲೈವುಡ್ ಮಾತ್ರ ಮಳೆಗಾಲದಲ್ಲಿ ತೇವ ಹೀರಿ ಉಬ್ಬುತ್ತದೆ. ಆಗ ಹಲ್ಲುಗಳು ಕಚ್ಚಿಕೊಂಡು ಗಾಡಿ ಅಲ್ಲಲ್ಲೇ ನಿಲ್ಲುತ್ತದೆ. ನಯವಾದ ಉಪ್ಪುಕಾಗದದಿಂದ ಹಲ್ಲುಗಳ ಬದಿಯನ್ನು ತುಸು ಉಜ್ಜಿ, ಮೇಣ ಸವರಿದರೆ ಸರಿಹೋಗುತ್ತದೆ. ಎಣ್ಣೆ ಬೇಡ, ಮರ ಅದನ್ನು ಕುಡಿದು ಧೂಳನ್ನು ಅಂಟಿಸಿಕೊಳ್ಳುತ್ತದೆ. ಗಾಲಿಗಳ ಅಂಚು ನುಣುಪಾಗಿರುವುದರಿಂದ ಟೈಲ್ಸ್ ನೆಲದಲ್ಲಿ ಜಾರುತ್ತದೆ, ಚಾಪೆಯ ಮೇಲೆ ಚೆನ್ನಾಗಿ ಓಡುತ್ತದೆ.

ಹೈಸ್ಕೂಲು ಮಕ್ಕಳು ದೊಡ್ಡವರ ಜೊತೆ ಕುಳಿತು ಮಾಡಲು ತಕ್ಕದ್ದು, ಅದಕ್ಕಿಂತ ಚಿಕ್ಕವರಿಗೆ ಬೇಡ. ಸುತ್ತಿದ ಸ್ಪ್ರಿಂಗ್ ಕೈತಪ್ಪಿದರೆ ಬೆರಳಿಗೆ ಪೆಟ್ಟಾಗುತ್ತದೆ. ಡಬ್ಬಿಗಳ ಮುಚ್ಚಳವನ್ನು ಅಂಟು ಹಾಕಿ ಮುಚ್ಚಿ ಎಂದು ಪುಸ್ತಿಕೆ ಹೇಳುತ್ತದೆ. ಅಂಟಿನ ಬದಲು ಸಣ್ಣ ತಿರುಪು ಹಾಕಿ. ಬಲ ಎಲ್ಲಿದೆ ಎಂದು ಕೇಳುವವರಿಗೆ ಸ್ಪ್ರಿಂಗ್ ಪೂರ್ತಿ ಸಡಿಲವಾದ ಮೇಲೆ ಮುಚ್ಚಳ ತೆಗೆದು ತೋರಿಸಬಹುದು.